ಮುಖ ನೋಡದೆಯೂ ಕೇಳಿಸಿಕೊಳ್ಳುತ್ತಾನೆ

ಆಟಿಸಂ ಇರುವ ಮಕ್ಕಳ ಗಲ್ಲ ಹಿಡಿದು "ನನ್ನ ಮುಖ ನೋಡಿ ಮಾತಾಡು" ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಭಾವನವರೂ ಓದಲಿ.

ಮನೆಯಲ್ಲಿ ಪೂಜೆಯ ಗಂಟೆ ಬಾರಿಸುವವನು ನನ್ನ ಮಗನೇ. ದೀಪವನ್ನಂತೂ ಎಷ್ಟು ಹೊತ್ತಾದರೂ ನೋಡುತ್ತ ಕೂರುತ್ತಾನೆ. "ಇಷ್ಟೆಲ್ಲ ಆಗುತ್ತೆ ಅಂದ್ಮೇಲೆ ದೇವಸ್ಥಾನ ಯಾಕಾಗಲ್ಲ?" ಎಂದು ಭಾವನವರು ನವರಾತ್ರಿಯಲ್ಲಿ ಪಟ್ಟು ಹಿಡಿದು ಕರೆದೊಯ್ದರು. ಮಹಾಮಂಗಳಾರತಿಗೆ ಕರೆಂಟಿನ ನಗಾರಿ ಶುರುವಾಯಿತು. ಜೊತೆಗೆ ಗಂಟೆ, ಜಾಗಟೆ. ಗರ್ಭಗುಡಿಯ ಸುತ್ತ ಸೀರಿಯಲ್ ಸೆಟ್ಟು ಮಿಣುಕುತ್ತಿದೆ, ಆರತಿ ಸುತ್ತುತ್ತಿದೆ, ಹಿಂದಿನಿಂದ ಜನ ಒತ್ತುತ್ತಿದ್ದಾರೆ. ಮಗ ಮೊದಲು ಕಣ್ಣು ಮುಚ್ಚಿದ. ಆಮೇಲೆ ಕಿವಿ. ಆಮೇಲೆ ನನ್ನ ಸೆರಗಿನೊಳಗೆ ತಲೆ ತೂರಿಸಿದ. ಇನ್ನೇನು ಹೊರಗೆ ಕರೆದುಕೊಂಡು ಹೋಗಬೇಕು, ಅಷ್ಟರಲ್ಲಿ ಭಾವನವರು ಅವನ ಕೈಗಳನ್ನು ಕಿವಿಯಿಂದ ಕಿತ್ತು, ಗಲ್ಲ ಎತ್ತಿ, "ಏಯ್, ಇಲ್ನೋಡು, ನನ್ನ ನೋಡು" ಎಂದು ನಗಾರಿಯನ್ನೂ ಮೀರಿಸಿ ಕೂಗಿದರು. ಮಗ ನೆಲಕ್ಕೆ ಬಿದ್ದು ಹಣೆಯನ್ನು ಚಪ್ಪಡಿಗೆ ಚಚ್ಚಿಕೊಳ್ಳತೊಡಗಿದ. ನಾನು ಅಂಗೈ ಅಡ್ಡ ಕೊಟ್ಟೆ, ಗೆಣ್ಣು ಸುಲಿದುಹೋಯಿತು. ಯಾರೋ ತೀರ್ಥ ಚಿಮುಕಿಸಿದರು. "ಎಲ್ಲಾ ತಾಯಿ ಕೊಟ್ಟ ಸಲುಗೆ" ಎಂದು ಭಾವನವರು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದರು.

ಸಲುಗೆಯಲ್ಲ ಅದು. ಮಾತಾಡುವವರ ತುಟಿಯನ್ನೂ ದನಿಯನ್ನೂ ನಮ್ಮ ಮಿದುಳು ತಾನಾಗಿಯೇ ಬೆಸೆದುಕೊಡುತ್ತದೆ. ಗದ್ದಲವಿದ್ದಾಗ ನಾವು ಎಷ್ಟೋ ಮಾತನ್ನು ತುಟಿ ನೋಡಿಯೇ ಹಿಡಿಯುತ್ತೇವೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಮಕ್ಕಳಿಗೆ ದೃಶ್ಯ, ಶಬ್ದಗಳನ್ನು ಸ್ವಲ್ಪ ಹಿಂದುಮುಂದಾಗಿ ತೋರಿಸಿ, ಕೇಳಿಸಿ, ಎರಡೂ ಒಟ್ಟಿಗೆ ಬಂದವೇ ಎಂದು ಕೇಳಿದರು. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಆಟಿಸಂ ಇರುವ ಮಕ್ಕಳಿಗೆ ಹೆಚ್ಚು ತೊಡಕಾದದ್ದು ಮಾತಿನಲ್ಲೇ. ತುಟಿಗೂ ದನಿಗೂ ನಡುವೆ ಬಿದ್ದ ಅಂತರ ಅವರಿಗೆ ಉಳಿದ ಮಕ್ಕಳಷ್ಟು ಸುಲಭವಾಗಿ ಗೊತ್ತಾಗುತ್ತಿರಲಿಲ್ಲ. ಯಾವ ದನಿ ಯಾವ ತುಟಿಯದು ಎಂಬುದೇ ಕಲಸಿಹೋಗುವಾಗ, ಅಂಥ ಮಗು ಕಣ್ಣನ್ನೋ ಕಿವಿಯನ್ನೋ ಮುಚ್ಚಿಕೊಂಡರೆ ಅದು ಹಟ ಹೇಗಾದೀತು? ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳುವ ಅವನ ದಾರಿ ಅದು ಎಂದೇ ನಾನು ನಂಬಿದ್ದೇನೆ.

ನಾವೀಗ ದೇವಸ್ಥಾನಕ್ಕೆ ಹೋಗುವುದು ಮಂಗಳಾರತಿ ಮುಗಿದ ಮೇಲೆ. ಹೇಳುವುದೇನಿದ್ದರೂ ಟಿವಿ ಆರಿಸಿ, ಪಕ್ಕದಲ್ಲಿ ಕೂತು, ಒಂದೊಂದೇ ವಾಕ್ಯ. ಶಾಲೆಯಲ್ಲೂ ಹೇಳಿಟ್ಟಿರಿ: ಪಾಠದ ಹೊತ್ತಿನಲ್ಲಿ ಮಗು ಕಿಟಕಿ ಕಡೆ ತಿರುಗಿದರೆ ತಿರುಗಲಿ, ಕೇಳಿಸಿತೋ ಇಲ್ಲವೋ ಎಂಬುದನ್ನು ಆಮೇಲೆ ಪ್ರಶ್ನೆ ಕೇಳಿ ತಿಳಿದುಕೊಳ್ಳಲಿ.