ಮೇಣದ ತಟ್ಟೆಯಲ್ಲಿ ಮೂಡಿದ ಪಿಟೀಲಿನ ನಾದ

1932ನೆಯ ಇಸವಿಯ ಜುಲೈ ತಿಂಗಳು. ಲಂಡನ್ನಿನ ಆಬಿ ರಸ್ತೆಯ ಧ್ವನಿಮುದ್ರಣ ಮಂದಿರದಲ್ಲಿ ದೊಡ್ಡದೊಂದು ವಾದ್ಯವೃಂದ ಸಿದ್ಧವಾಗಿ ಕುಳಿತಿತ್ತು. ಅದನ್ನು ನಡೆಸಲು ನಿಂತಿದ್ದವರು 75 ವರ್ಷ ವಯಸ್ಸಿನ ಸಂಗೀತರಚನಕಾರ ಸರ್ ಎಡ್ವರ್ಡ್ ಎಲ್ಗರ್. ಅವರ ಪಕ್ಕದಲ್ಲಿ ಪಿಟೀಲು ಹಿಡಿದು ನಿಂತಿದ್ದವನು 16 ವರ್ಷದ ಹುಡುಗ ಯೆಹೂದಿ ಮೆನುಹಿನ್. ಹಿಂದಿನ ವರ್ಷವಷ್ಟೇ ಬ್ರೂಕ್ ಎಂಬಾತನ ಪ್ರಸಿದ್ಧ ಕನ್ಸರ್ಟೊವನ್ನು ನುಡಿಸಿ ಮುದ್ರಿಸಿದ್ದ ಈ ಹುಡುಗ, ಈಗ ಎಲ್ಗರರ ಕನ್ಸರ್ಟೊವನ್ನು ಕರ್ತೃವಿನ ಸಮ್ಮುಖದಲ್ಲಿಯೇ ನುಡಿಸಬೇಕಾಗಿತ್ತು.

ಒಂದು ವಾದ್ಯ ಮುಂದಾಗಿ, ಇಡೀ ವಾದ್ಯವೃಂದ ಅದಕ್ಕೆ ಉತ್ತರವೀಯುತ್ತ ಸಾಗುವ ಕೃತಿಗೆ ಪಾಶ್ಚಾತ್ಯ ಸಂಗೀತದಲ್ಲಿ ಕನ್ಸರ್ಟೊ ಎಂದು ಹೆಸರು. ಮೆಂಡೆಲ್‌ಸನ್, ಬ್ರೂಕ್, ಬ್ರಾಮ್ಸ್, ಚೈಕಾವ್‌ಸ್ಕಿ ಇವರೆಲ್ಲ 19ನೆಯ ಶತಮಾನದಲ್ಲಿ ಬೆಳೆಸಿದ ಭಾವಪ್ರಧಾನವಾದ ರೊಮ್ಯಾಂಟಿಕ್ ಪರಂಪರೆಯ ಕೊನೆಯ ಫಲಗಳಲ್ಲೊಂದು, 1910ರಲ್ಲಿ ಮೊದಲು ಕೇಳಿಬಂದ ಎಲ್ಗರರ ಈ ಕೃತಿ. ಅದನ್ನು ನುಡಿಸಲು ಸುಮಾರು 50 ನಿಮಿಷ ಬೇಕು. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದಾದರೋ ನಾಲ್ಕು ನಿಮಿಷದಷ್ಟು ಸಂಗೀತ ಮಾತ್ರ! ಈ ಎರಡಕ್ಕೂ ಹೊಂದಿಕೆಯಾದುದು ಹೇಗೆಂಬುದನ್ನು ತಿಳಿಯಲು ಮೊದಲು ಪಿಟೀಲಿನ ನಾದವನ್ನು ಪರೀಕ್ಷಿಸೋಣ.

ನಾದದ ಒಳರಚನೆ

ಪಿಟೀಲಿನ ಕಮಾನಿನ ಕೂದಲಿಗೆ ರಾಳವನ್ನು ಉಜ್ಜಿರುತ್ತಾರೆ. ಕಮಾನು ಚಲಿಸುವಾಗ ತಂತಿ ಅದಕ್ಕೆ ಅಂಟಿಕೊಂಡು ಸ್ವಲ್ಪ ದೂರ ಸಾಗುತ್ತದೆ, ಬಳಿಕ ಥಟ್ಟನೆ ಜಾರಿ ಹಿಂದಕ್ಕೆ ಬರುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ಎರಡನೆಯ ತಂತಿಯಲ್ಲಿ ಹೀಗೆ ಸೆಕೆಂಡಿಗೆ 440 ಸಲ ನಡೆಯುತ್ತದೆ. ಈ ಚಲನೆಯನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದನು. ಕಮಾನಿನಿಂದ ಮಿಡಿಯುವ ತಂತಿಯ ಕಂಪನಗಳನ್ನು ಕುರಿತು 1918ರಲ್ಲಿ ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದವರು, ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದು ನೆಲಸಿದ ನಮ್ಮ ಸಿ. ವಿ. ರಾಮನ್ನರು.

ಅಂಟುವುದು ನಿಧಾನ, ಜಾರುವುದು ಶೀಘ್ರ. ಆದುದರಿಂದ ಈ ಕಂಪನ ಲೋಲಕದ ಆಂದೋಲನದಷ್ಟು ಸರಳವಲ್ಲ. ಅದರಲ್ಲಿ 440ರ ಮೂಲಸ್ವರದೊಡನೆ 880, 1320, 1760 ಮುಂತಾದ ಉಪಸ್ವರಗಳೂ ಕೂಡಿರುತ್ತವೆ. ಪಿಟೀಲನ್ನು ಕೊಳಲಿನಿಂದ ನಮ್ಮ ಕಿವಿ ಬೇರ್ಪಡಿಸುವುದರಲ್ಲಿ ಈ ಉಪಸ್ವರಗಳ ಪಾತ್ರ ದೊಡ್ಡದು. ಅವುಗಳನ್ನು ಕಳೆದುಕೊಂಡ ಮುದ್ರಣದಲ್ಲಿ ರಾಗ ಉಳಿಯಬಹುದು; ಪಿಟೀಲು ಉಳಿಯದು.

ಕಹಳೆಯಿಂದ ಮೈಕ್ರೊಫೋನಿಗೆ

1925ರವರೆಗೆ ಧ್ವನಿಯನ್ನು ಹಿಡಿಯುತ್ತಿದ್ದುದು ಒಂದು ದೊಡ್ಡ ಕಹಳೆ. ವಾದಕರು ಅದರ ಬಾಯಿಗೆ ಮುತ್ತಿಕೊಂಡು ನುಡಿಸಬೇಕಾಗಿತ್ತು. ಧ್ವನಿಯ ಶಕ್ತಿಯೇ ಸೂಜಿಯನ್ನು ತಳ್ಳಬೇಕಾದ್ದರಿಂದ, ಸುಮಾರು 2500ಕ್ಕಿಂತ ಹೆಚ್ಚಿನ ಆವೃತ್ತಿಯ ಸ್ವರಗಳು ಬಹುಮಟ್ಟಿಗೆ ನಷ್ಟವಾಗುತ್ತಿದ್ದವು. ಎಲ್ಗರರ ಕೃತಿಯನ್ನೇ 1916ರಲ್ಲಿ ಮೇರಿ ಹಾಲ್ ಎಂಬ ವಾದಕಿ ಬಹಳ ಸಂಕ್ಷೇಪಿಸಿ ಹೀಗೆ ಮುದ್ರಿಸಿದ್ದರು. ಕೊನೆಯ ಭಾಗದಲ್ಲಿ ವೃಂದದ ಪಿಟೀಲುಗಳ ತಂತಿಗಳನ್ನು ಬೆರಳಿನಿಂದ ಮೃದುವಾಗಿ ಮೀಟುವ ಒಂದು ಪ್ರಸಂಗವುಂಟು. ಆ ಮೆಲುದನಿ ಕಹಳೆಗೆ ಎಟುಕುವಂತಹದಲ್ಲ; ಆ ಮುದ್ರಣಕ್ಕಾಗಿ ಎಲ್ಗರ್ ಅಲ್ಲಿಗೆ ಹಾರ್ಪ್ ವಾದ್ಯವನ್ನು ಸೇರಿಸಿದರು.

ಮೈಕ್ರೊಫೋನ್ ಬಂದ ಮೇಲೆ ಧ್ವನಿ ಮೊದಲು ವಿದ್ಯುತ್ತಾಗಿ ಮಾರ್ಪಟ್ಟು, ವರ್ಧಿಸಿ, ಆಮೇಲೆ ಸೂಜಿಯನ್ನು ಚಲಿಸತೊಡಗಿತು. ಮೇಲಿನ ಮಿತಿ ಸುಮಾರು 5000ಕ್ಕೆ ಏರಿತು. 440ರ ಸ್ವರದಲ್ಲಿ ಮೊದಲು ಐದನೆಯ ಅಂಶದವರೆಗೆ (2200) ಮಾತ್ರ ದೊರೆಯುತ್ತಿದ್ದರೆ, ಈಗ ಹನ್ನೊಂದನೆಯದರವರೆಗೆ (4840) ದೊರೆಯಿತು. 1932ರ ಕೇಳುಗನಿಗೆ ಇದು ಮುಸುಕು ಸರಿದಂತೆ ತೋರಿರಬೇಕು.

ನಾಲ್ಕು ನಿಮಿಷದ ಸೆರೆ

ಇನ್ನು ಕಾಲದ ಮಿತಿಯನ್ನು ನೋಡೋಣ. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ನಾಲ್ಕು ನಿಮಿಷಕ್ಕೆ 312 ಸುತ್ತು. ಅಂದರೆ ಸುರುಳಿಯಾದ ಗೀರು 312 ಸಲ ಸುತ್ತಬೇಕು. ಗೀರುಗಳಿಗೆ ದೊರೆಯುವ ಅಗಲ ಸುಮಾರು 90 ಮಿಲಿಮೀಟರು. ಒಂದೊಂದು ಸುತ್ತಿಗೆ 0.29 ಮಿಲಿಮೀಟರು. ಇದಕ್ಕಿಂತ ಒತ್ತಾಗಿ ಕೊರೆದರೆ ಗಟ್ಟಿಯಾದ ಧ್ವನಿಗೆ ಗೀರು ಓಲಾಡಿ ನೆರೆಯ ಗೀರನ್ನು ಮುರಿಯುವ ಭಯ. ನಿಧಾನವಾಗಿ ತಿರುಗಿಸಿದರೆ ಉಚ್ಚ ಸ್ವರಗಳ ಅಲೆಗಳು ಕಿರಿದಾಗಿ, ಅಂದಿನ ದಪ್ಪ ಸೂಜಿ ಅವುಗಳನ್ನು ಅನುಸರಿಸಲಾರದು.

ಹೀಗಾಗಿ ಕೃತಿಯನ್ನು ತುಂಡುತುಂಡಾಗಿಯೇ ಮುದ್ರಿಸಬೇಕಾಯಿತು. ಸೂಜಿ ಕೊರೆಯುತ್ತಿದ್ದುದು ಮೆತುವಾದ ಮೇಣವನ್ನು. ಆ ಮೇಣವನ್ನು ನುಡಿಸಿ ಕೇಳಿದರೆ ಗೀರು ಕೆಡುತ್ತಿತ್ತು. ಆಮೇಲೆ ಅದರಿಂದ ಅಚ್ಚು ತೆಗೆಯುವಂತಿರಲಿಲ್ಲ. ಅಳಿಸಿ ತಿದ್ದುವ ಮಾತೇ ಇಲ್ಲ. ಮೂರೂಮುಕ್ಕಾಲು ನಿಮಿಷ ನಿರ್ದುಷ್ಟವಾಗಿ ನುಡಿಸಿ, ಕೊನೆಯಲ್ಲಿ ಒಂದು ಸ್ವರ ತಪ್ಪಿದರೆ ಇಡೀ ಮುಖವನ್ನು ಮತ್ತೆ ನುಡಿಸಬೇಕು. ಒಂದು ಮುಖ ಮುಗಿದ ಮೇಲೆ ಬಿಡುವು. ಬಳಿಕ ಅದೇ ಲಯ, ಅದೇ ಶ್ರುತಿ, ಅದೇ ಭಾವದಿಂದ ಮುಂದಿನದನ್ನು ಎತ್ತಿಕೊಳ್ಳಬೇಕು. ವೇದಿಕೆಯ ಮೇಲಿನ ತಪ್ಪು ಗಾಳಿಯಲ್ಲಿ ಕರಗಿಹೋಗುತ್ತದೆ. ತಟ್ಟೆಯ ಮೇಲಿನದು ಶಾಶ್ವತ. 16 ವರ್ಷದ ಹುಡುಗನ ಹೆಗಲ ಮೇಲೆ ಇದ್ದ ಭಾರ ಇದು.

ಮುದ್ರಣಕ್ಕೆ ಮೊದಲು ಮೆನುಹಿನ್ ಪಿಯಾನೊದೊಡನೆ ಸ್ವಲ್ಪ ನುಡಿಸುತ್ತಲೇ ಎಲ್ಗರ್ ತೃಪ್ತರಾಗಿ, ಇನ್ನು ಅಭ್ಯಾಸ ಬೇಡವೆಂದು ಹೇಳಿ ಕುದುರೆಯ ಜೂಜು ನೋಡಲು ಹೊರಟುಹೋದರೆಂದು ಮೆನುಹಿನ್ ಮುಂದೆ ನೆನೆದುಕೊಂಡಿದ್ದಾರೆ. ಮುದುಕರ ಆ ನಂಬಿಕೆ ಹುಸಿಯಾಗಲಿಲ್ಲ. 1934ರಲ್ಲಿ ಎಲ್ಗರ್ ತೀರಿಕೊಂಡರು. 1999ರಲ್ಲಿ ಮೆನುಹಿನ್ನರೂ ಹೋದರು. ಅವರಿಬ್ಬರೂ ಕೂಡಿ ಕೊರೆಯಿಸಿದ ಗೀರುಗಳಿಂದ ಆ ನಾದ ಇಂದಿಗೂ ಏಳುತ್ತಿದೆ. ಮೀಟಿದ ತಂತಿಗಳ ಆ ಮೆಲುದನಿಯೂ ತಟ್ಟೆಯ ಸರಸರ ಸದ್ದಿನ ನಡುವೆ ಕೇಳಿಬರುತ್ತದೆ. ಈ ಸಲ ಹಾರ್ಪಿನ ನೆರವು ಬೇಕಾಗಲಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ತಟ್ಟೆಯ ಹೊರ ಅಂಚಿನ ಗೀರಿನ ತ್ರಿಜ್ಯ 14.6 ಸೆಂಟಿಮೀಟರು, ಒಳ ಅಂಚಿನದು 6 ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 5000 ಕಂಪನಗಳ ಸ್ವರದ ಅಲೆ ಈ ಎರಡು ಕಡೆಗಳಲ್ಲಿ ಎಷ್ಟೆಷ್ಟು ಉದ್ದವಿದ್ದೀತು? ಉತ್ತರ ದೊರೆತಾಗ, ಮುಖದ ಕೊನೆಗೆ ಬಂದಂತೆ ಪಿಟೀಲಿನ ಕಾಂತಿ ಕುಗ್ಗುವುದೇಕೆಂದು ನಿಮಗೇ ಹೊಳೆಯುವುದು.