ಲೆಕ್ಕದ ಹಾಳೆಯ ಸೂತ್ರಗಳು: ಸಾಮಾನ್ಯ ದೋಷಗಳು ಮತ್ತು ಅವುಗಳ ನಿವಾರಣೆ

ಕೈಬರಹದ ಕಿರ್ದಿ ಮತ್ತು ಖಾತೆ ಪುಸ್ತಕಗಳ ಕಾಲದಲ್ಲಿ, ದಿನದ ಶಿಲ್ಕು ತಾಳೆಯಾಗುವವರೆಗೆ ಗುಮಾಸ್ತರು ಮನೆಗೆ ಹೊರಡುತ್ತಿರಲಿಲ್ಲ. 1979ರಲ್ಲಿ ವಿಸಿಕ್ಯಾಲ್, 1985ರಲ್ಲಿ ಎಕ್ಸೆಲ್ ಬಂದ ತರುವಾಯ ಆ ಕೆಲಸ ಕ್ರಮೇಣ ಗಣಕಯಂತ್ರದ ಸ್ಪ್ರೆಡ್‌ಶೀಟಿಗೆ, ಅಂದರೆ ಲೆಕ್ಕದ ಹಾಳೆಗೆ, ವರ್ಗಾವಣೆಯಾಯಿತು. ಇಂದು ದರಪಟ್ಟಿ, ದಾಸ್ತಾನು, ತೆರಿಗೆ, ಬಾಕಿ ವಸೂಲಿ ಇವೆಲ್ಲವೂ ಅನೇಕ ಸಣ್ಣ ಉದ್ದಿಮೆಗಳಲ್ಲಿ ಈ ಹಾಳೆಯನ್ನೇ ಅವಲಂಬಿಸಿವೆ. ಕೋಶವೊಂದರಲ್ಲಿ ಸೂತ್ರ ಬರೆಯುವ ವರ್ತಕರು ತಾವೂ ಒಂದು ಬಗೆಯ ಪ್ರೋಗ್ರಾಂ ಬರೆಯುತ್ತಿದ್ದೇವೆಂದು ಭಾವಿಸುವುದು ವಿರಳ. ಆದರೆ ವಸ್ತುಸ್ಥಿತಿ ಅದೇ ಆಗಿದೆ.

ಪ್ರತಿಯೊಂದು ಭಾಷೆಗೂ ವ್ಯಾಕರಣವಿರುವಂತೆ ಸೂತ್ರಕ್ಕೂ ವ್ಯಾಕರಣವಿದೆ. ವ್ಯಾಕರಣ ತಪ್ಪಿದರೂ ಮನುಷ್ಯನು ಅರ್ಥ ಊಹಿಸಿಕೊಳ್ಳುತ್ತಾನೆ. ಯಂತ್ರವು ಬರೆದುದನ್ನಷ್ಟೇ ಓದುತ್ತದೆ. ಆದ್ದರಿಂದ ಸೂತ್ರದ ದೋಷಗಳಲ್ಲಿ ಎರಡು ಬಗೆ. ಮೊದಲನೆಯದನ್ನು ಯಂತ್ರವೇ ಗುರುತಿಸಿ ಕೆಲಸ ನಿಲ್ಲಿಸುತ್ತದೆ. ಇದರಿಂದ ನಷ್ಟವಾಗುವುದು ಕೆಲವು ನಿಮಿಷಗಳು ಮಾತ್ರ. ಎರಡನೆಯದರಲ್ಲಿ ವ್ಯಾಕರಣ ಸರಿಯಿದ್ದು ಅರ್ಥ ತಪ್ಪಿರುತ್ತದೆ; ಯಂತ್ರವು ಮೌನವಾಗಿ ತಪ್ಪು ಉತ್ತರ ಕೊಡುತ್ತದೆ. ಹಣ ಕಳೆದುಹೋಗುವುದು ಈ ಎರಡನೆಯ ಬಗೆಯಿಂದಲೇ.

(ಇಲ್ಲಿ ಸೂತ್ರಗಳನ್ನು ಕನ್ನಡ ಲಿಪಿಯಲ್ಲಿ ಮುದ್ರಿಸಿದೆ. ಗಣಕದಲ್ಲಿ ಅವನ್ನು ಆಂಗ್ಲ ಅಕ್ಷರಗಳಲ್ಲಿಯೇ ಬರೆಯಬೇಕು.)

ಯಂತ್ರವೇ ತೋರಿಸಿಕೊಡುವ ದೋಷಗಳು

1. ಚಿಹ್ನೆಗಳ ದೋಷ: ಸೂತ್ರವು ಸಮಚಿಹ್ನೆಯಿಂದ (=) ಆರಂಭವಾಗಬೇಕು. ಅದನ್ನು ಮರೆತರೆ ಬರೆದ ಸೂತ್ರವೇ ಬರಿಯ ಪಠ್ಯವಾಗಿ ಕೋಶದಲ್ಲಿ ಉಳಿಯುತ್ತದೆ. ಗುಣಾಕಾರಕ್ಕೆ ನಕ್ಷತ್ರ ಚಿಹ್ನೆಯನ್ನೇ (*) ಬಳಸಬೇಕು. ಶಾಲೆಯ ಅಭ್ಯಾಸದಂತೆ ಎಕ್ಸ್ ಅಕ್ಷರವನ್ನು ಬರೆದರೆ ಯಂತ್ರವು ಅದನ್ನು ಯಾವುದೋ ಹೆಸರೆಂದು ತಿಳಿದು ‘#ನೇಮ್?’ ಎಂದು ತೋರಿಸುತ್ತದೆ. ಕಾರ್ಯಪದದ ಕಾಗುಣಿತ ತಪ್ಪಿದಾಗಲೂ ಇದೇ ಸೂಚನೆ ಬರುತ್ತದೆ.

2. ಉದ್ಧರಣ ಚಿಹ್ನೆಯ ದೋಷ: ಸೂತ್ರದೊಳಗೆ ಪದಗಳನ್ನು ಬಳಸುವಾಗ ಅವುಗಳನ್ನು ನೇರವಾದ ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ಪತ್ರ ಬರೆಯುವ ತಂತ್ರಾಂಶದಿಂದಲೋ ಮೊಬೈಲ್ ಸಂದೇಶದಿಂದಲೋ ನಕಲು ಮಾಡಿದ ಸೂತ್ರದಲ್ಲಿ ಬಾಗಿದ ಚಿಹ್ನೆಗಳಿರುವುದುಂಟು. ಕಣ್ಣಿಗೆ ಸರಿಯೆನಿಸುವ ಸೂತ್ರವು ಕೆಲಸ ಮಾಡದಿರಲು ಇದು ಸಾಮಾನ್ಯ ಕಾರಣ.

3. ಪಠ್ಯ ಬೆರೆತ ಸಂಖ್ಯೆ: ಪ್ರಮಾಣದ ಕೋಶದಲ್ಲಿ ‘25’ ಎಂದು ಬರೆಯುವ ಬದಲು ‘25 ಕೆಜಿ’ ಎಂದು ಬರೆದರೆ ಅದು ಸಂಖ್ಯೆಯಲ್ಲ, ಪಠ್ಯ. ಅದನ್ನು ದರದಿಂದ ಗುಣಿಸಿದರೆ ‘#ವ್ಯಾಲ್ಯೂ!’ ಎಂಬ ಸೂಚನೆ ಬರುತ್ತದೆ. ಅಳತೆಯ ಮಾನವನ್ನು ಕಾಲಂನ ತಲೆಬರಹದಲ್ಲಿ ಬರೆಯುವುದು ಸೂಕ್ತ.

4. ಇತರ ಸೂಚನೆಗಳು: ಸೊನ್ನೆಯಿಂದ ಅಥವಾ ಖಾಲಿ ಕೋಶದಿಂದ ಭಾಗಿಸಿದರೆ ‘#ಡಿವ್/0!’, ಸೂತ್ರವು ಆಧರಿಸಿದ್ದ ಸಾಲನ್ನೇ ಅಳಿಸಿದರೆ ‘#ರೆಫ್!’, ಹುಡುಕಿದ ಸರಕು ದರಪಟ್ಟಿಯಲ್ಲಿ ಸಿಗದಿದ್ದರೆ ‘#ಎನ್/ಎ’ ಕಾಣಿಸುತ್ತದೆ. ಬರಿಯ ##### ಮಾತ್ರ ಕಂಡರೆ ಹೆಚ್ಚಿನ ಸಂದರ್ಭಗಳಲ್ಲಿ ಕಾಲಂನ ಅಗಲ ಸಾಲದೆಂದಷ್ಟೇ ಅರ್ಥ.

ಈ ಸೂಚನೆಗಳು ಅಸಹ್ಯವಾಗಿ ಕಾಣುತ್ತವೆಂದು ‘ಇಫ್‌ಎರರ್’ ಕಾರ್ಯಪದ ಬಳಸಿ ಎಲ್ಲೆಡೆ ಸೊನ್ನೆ ತೋರಿಸುವ ರೂಢಿ ಕೆಲವೆಡೆ ಇದೆ. ಇದು ಎಚ್ಚರಿಕೆಯ ದೀಪಕ್ಕೆ ಬಟ್ಟೆ ಮುಚ್ಚಿದಂತೆ. ಕಾರಣ ತಿಳಿಯದೆ ಸೂಚನೆಯನ್ನು ಮರೆಮಾಡಬಾರದು.

ಯಂತ್ರ ಮೌನವಾಗಿರುವ ದೋಷಗಳು

1. ಆವರಣ ಚಿಹ್ನೆಗಳು: ತೆರಿಗೆ ಸೇರಿದ ಬೆಲೆ 1,180 ರೂಪಾಯಿ, ಜಿಎಸ್‌ಟಿ ದರ ಶೇ. 18 ಎಂದಿಟ್ಟುಕೊಂಡರೆ ಮೂಲ ಬೆಲೆ 1,000 ರೂಪಾಯಿ. ಇದಕ್ಕೆ ಸರಿಯಾದ ಸೂತ್ರ =1180/(1+18%). ಆವರಣ ಬಿಟ್ಟು =1180/1+18% ಎಂದು ಬರೆದರೆ, ಭಾಗಾಕಾರ ಮೊದಲು ನಡೆದು ನಂತರ 0.18 ಕೂಡಿ, 1,180.18 ಎಂಬ ಉತ್ತರ ಬರುತ್ತದೆ. ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಒಂದು ಆವರಣ ಮುಚ್ಚದೆ ಉಳಿದಾಗ ತಂತ್ರಾಂಶವು ಸಾಮಾನ್ಯವಾಗಿ ಅದನ್ನು ತಾನೇ ಕೊನೆಯಲ್ಲಿ ಸೇರಿಸುತ್ತದೆ, ಇಲ್ಲವೇ ಸೇರಿಸಲು ಅನುಮತಿ ಕೇಳುತ್ತದೆ. ಬಿಡಿಭಾಗವೊಂದಕ್ಕೆ ಕಚ್ಚಾವಸ್ತು 60 ರೂ., ಕೂಲಿ 25 ರೂ., ಒಟ್ಟು 500 ನಗ ಎಂದಾದರೆ =(60+25)*500 ಸೂತ್ರವು 42,500 ರೂ. ಕೊಡುತ್ತದೆ. ಆವರಣವನ್ನು ಕೊನೆಗೆ ಮುಚ್ಚಿದರೆ ಅದೇ ಲೆಕ್ಕ 12,560 ರೂ. ಆಗುತ್ತದೆ. ಆದ್ದರಿಂದ ಯಂತ್ರದ ಸಲಹೆಯನ್ನು ಓದದೆ ಒಪ್ಪಬಾರದು.

2. ಲಕ್ಷದ ಅಲ್ಪವಿರಾಮ: 1,25,000 ಎಂದು ಅಲ್ಪವಿರಾಮ ಹಾಕಿ ಬರೆಯುವುದು ನಮ್ಮ ದೇಶದ ಪದ್ಧತಿ. ಆದರೆ ಸೂತ್ರದೊಳಗೆ ಅಲ್ಪವಿರಾಮವು ಎರಡು ಬೇರೆ ಸಂಖ್ಯೆಗಳನ್ನು ಬೇರ್ಪಡಿಸುವ ಚಿಹ್ನೆ. =ಸಮ್(1,25,000) ಎಂದು ಬರೆದರೆ ಯಂತ್ರವು 1, 25 ಮತ್ತು 0 ಇವುಗಳನ್ನು ಕೂಡಿ 26 ಎಂದು ಉತ್ತರಿಸುತ್ತದೆ. ಸೂತ್ರದಲ್ಲಿ 125000 ಎಂದೇ ಬರೆಯಬೇಕು. ಅಲ್ಪವಿರಾಮದ ಅಲಂಕಾರವನ್ನು ಕೋಶದ ಫಾರ್ಮ್ಯಾಟ್‌ಗೆ ಬಿಡಬೇಕು.

3. ಡಾಲರ್ ಚಿಹ್ನೆ: ತೆರಿಗೆಯ ದರವನ್ನು ಎಫ್1 ಕೋಶದಲ್ಲಿಟ್ಟು =ಡಿ2*ಎಫ್1 ಎಂಬ ಸೂತ್ರವನ್ನು ಕೆಳಗೆ ನಕಲು ಮಾಡಿದರೆ, ಮುಂದಿನ ಸಾಲಿನಲ್ಲಿ ಅದು =ಡಿ3*ಎಫ್2 ಆಗುತ್ತದೆ. ಎಫ್2 ಖಾಲಿಯಿದ್ದರೆ ತೆರಿಗೆ ಸೊನ್ನೆ. ಇದನ್ನು ತಪ್ಪಿಸಲು ದರದ ಕೋಶವನ್ನು $ಎಫ್$1 ಎಂದು ಸ್ಥಿರಗೊಳಿಸಬೇಕು. ಸೂತ್ರ ಬರೆಯುವಾಗ ಎಫ್4 ಕೀಲಿ ಒತ್ತಿದರೆ ಈ ಚಿಹ್ನೆಗಳು ತಾವೇ ಬರುತ್ತವೆ. ಕಡಿಮೆ ಕಟ್ಟಿದ ಜಿಎಸ್‌ಟಿಗೆ ವಾರ್ಷಿಕ ಶೇ. 18ರ ಬಡ್ಡಿ ಬೀಳುವುದರಿಂದ ಈ ಚಿಕ್ಕ ಚಿಹ್ನೆಯನ್ನು ಅಲಕ್ಷಿಸುವಂತಿಲ್ಲ.

4. ಮೊತ್ತದಿಂದ ಹೊರಗುಳಿದ ಕೋಶಗಳು: ಪಠ್ಯವಾಗಿ ದಾಖಲಾದ ಸಂಖ್ಯೆಯನ್ನು ಗುಣಾಕಾರವು ತಡೆದು ತೋರಿಸಬಹುದು. ಆದರೆ ಕೋಶಗಳ ಸಾಲನ್ನು ಕೂಡುವ ‘ಸಮ್’ ಕಾರ್ಯಪದವು ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಹಾಗೆಯೇ ಡಿ2ರಿಂದ ಡಿ20ರವರೆಗೆ ಕೂಡುವ ಸೂತ್ರವಿದ್ದು, 21ನೆಯ ಸಾಲಿನಲ್ಲಿ ಹೊಸ ಬಿಲ್ಲು ಸೇರಿಸಿದರೆ, ಅದು ಯಾವಾಗಲೂ ತಾನಾಗಿ ಮೊತ್ತಕ್ಕೆ ಸೇರದು.

5. ದಿನಾಂಕ: 05/04 ಎಂಬುದು ಗಣಕದ ಪ್ರಾದೇಶಿಕ ವ್ಯವಸ್ಥೆಯನ್ನು ಅನುಸರಿಸಿ ಏಪ್ರಿಲ್ 5 ಆಗಬಹುದು, ಮೇ 4 ಕೂಡ ಆಗಬಹುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಬರಬೇಕಾದ ಹಣಕ್ಕೆ ಒಪ್ಪಂದದಲ್ಲಿಯೂ 45 ದಿನಗಳಿಗಿಂತ ಹೆಚ್ಚಿನ ಗಡುವು ಇರುವಂತಿಲ್ಲ. ಏಪ್ರಿಲ್ 5ರಿಂದ ಎಣಿಸಿದರೆ ಆ ಗಡುವು ಮೇ 20; ಮೇ 4ರಿಂದ ಎಣಿಸಿದರೆ ಜೂನ್ 18. ತಿಂಗಳನ್ನು ಅಕ್ಷರದಲ್ಲಿ ತೋರಿಸುವ ಫಾರ್ಮ್ಯಾಟ್ ಆರಿಸಿಕೊಂಡರೆ ಈ ಗೊಂದಲ ಕೂಡಲೇ ಕಣ್ಣಿಗೆ ಬೀಳುತ್ತದೆ.

ಪಂಡಿತರಿಗೂ ತಪ್ಪದ ದೋಷ

ಇಂತಹ ತಪ್ಪುಗಳು ಅನುಭವವಿಲ್ಲದವರಿಗೆ ಮಾತ್ರ ಆಗುತ್ತವೆಂದು ತಿಳಿಯಬಾರದು. ರಾಷ್ಟ್ರಗಳ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಸಂಬಂಧವನ್ನು ಕುರಿತು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಪ್ರಬಂಧವು ಅನೇಕ ದೇಶಗಳಲ್ಲಿ ಸರ್ಕಾರಿ ವೆಚ್ಚ ಕಡಿತದ ಚರ್ಚೆಯಲ್ಲಿ ಆಧಾರವಾಗಿ ಬಳಕೆಯಾಯಿತು. 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅದರ ಮೂಲ ಎಕ್ಸೆಲ್ ಹಾಳೆಯನ್ನು ಪರಿಶೀಲಿಸಿದಾಗ, ಸರಾಸರಿಯ ಸೂತ್ರವು 20 ದೇಶಗಳ ಬದಲು 15 ದೇಶಗಳನ್ನು ಮಾತ್ರ ಒಳಗೊಂಡಿದ್ದುದು ಕಂಡುಬಂದಿತು. ಲೇಖಕರು ತಮ್ಮ ಒಟ್ಟು ನಿಲುವನ್ನು ಬಿಟ್ಟುಕೊಡದಿದ್ದರೂ ಸೂತ್ರದ ದೋಷವನ್ನು ಒಪ್ಪಿಕೊಂಡರು. ಮೂರು ವರ್ಷ ಯಂತ್ರವು ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ದೋಷ ಕಂಡದ್ದು ಇನ್ನೊಬ್ಬರು ಹಾಳೆಯನ್ನು ತೆರೆದು ನೋಡಿದಾಗ.

ಅನುಸರಿಸಬೇಕಾದ ಕ್ರಮ

ಹೊಸ ಸೂತ್ರವನ್ನು ಬಳಕೆಗೆ ತರುವ ಮುನ್ನ, ಉತ್ತರ ಮೊದಲೇ ತಿಳಿದಿರುವ ಲೆಕ್ಕದಿಂದ ಪರೀಕ್ಷಿಸಬೇಕು. 1,180 ಕೊಟ್ಟಾಗ 1,000 ಬರದ ಸೂತ್ರವನ್ನು ಯಾವ ಬಿಲ್ಲಿಗೂ ಬಳಸಬಾರದು.

ದರ, ಕೂಲಿ, ರಿಯಾಯಿತಿ ಮುಂತಾದ ಬದಲಾಗುವ ಅಂಕಿಗಳನ್ನು ಸೂತ್ರದೊಳಗೆ ಹುದುಗಿಸದೆ ಪ್ರತ್ಯೇಕ ಕೋಶಗಳಲ್ಲಿಡಬೇಕು. ಉದ್ದವಾದ ಸೂತ್ರವನ್ನು ಎರಡು ಮೂರು ಕಾಲಂಗಳಿಗೆ ಹಂಚಿದರೆ ಪ್ರತಿ ಹಂತವೂ ಪರಿಶೀಲನೆಗೆ ಸಿಗುತ್ತದೆ.

ಬಿಲ್ಲುಗಳ ಎಣಿಕೆಯನ್ನು ‘ಕೌಂಟ್’ ಕಾರ್ಯಪದದೊಂದಿಗೆ ಹೋಲಿಸಬೇಕು. ಅದು ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ. ಕೈಯಲ್ಲಿ 40 ಬಿಲ್ಲುಗಳಿದ್ದು ಉತ್ತರ 38 ಬಂದರೆ ಎರಡು ಬಿಲ್ಲುಗಳ ಮೊತ್ತ ಲೆಕ್ಕದಿಂದ ಹೊರಗುಳಿದಿದೆ ಎಂದೇ ಅರ್ಥ. ಅಡ್ಡಸಾಲುಗಳ ಒಟ್ಟು ಮೊತ್ತವೂ ಕಾಲಂಗಳ ಒಟ್ಟು ಮೊತ್ತವೂ ಒಂದೇ ಆಗಿದೆಯೇ ಎಂದು ನೋಡುವ ಹಳೆಯ ಪದ್ಧತಿಯನ್ನು ಇಲ್ಲಿಯೂ ಬಿಡಬಾರದು.

ತಿಂಗಳಿಗೊಮ್ಮೆಯಾದರೂ ಸೂತ್ರಗಳನ್ನೇ ತೆರೆದು ಓದಬೇಕು. ಎಕ್ಸೆಲ್‌ನಲ್ಲಿ ಕಂಟ್ರೋಲ್ ಕೀಲಿಯೊಂದಿಗೆ, 1ರ ಅಂಕಿಯ ಎಡಕ್ಕಿರುವ ಕೀಲಿಯನ್ನು ಒತ್ತಿದರೆ ಉತ್ತರಗಳ ಬದಲು ಸೂತ್ರಗಳು ಕಾಣುತ್ತವೆ. ಹಾಳೆಯನ್ನು ಸಿದ್ಧಪಡಿಸಿದವರಲ್ಲದೆ ಇನ್ನೊಬ್ಬರು ಇದನ್ನು ಓದುವುದು ಹೆಚ್ಚು ಫಲಕಾರಿ.

ಹಳೆಯ ಗುಮಾಸ್ತರು ಶಿಲ್ಕು ತಾಳೆ ನೋಡುತ್ತಿದ್ದುದು ತಮ್ಮ ಕೈಯೂ ತಪ್ಪಬಹುದೆಂಬ ಅರಿವಿನಿಂದ. ಯಂತ್ರವು ಕೂಡುವುದರಲ್ಲಿ ತಪ್ಪುವುದು ಅಪರೂಪ. ಆದರೆ ಏನನ್ನು ಕೂಡಬೇಕೆಂದು ಹೇಳುವ ಹೊಣೆ ಇಂದಿಗೂ ಸೂತ್ರ ಬರೆಯುವವರದೇ. ಆದುದರಿಂದ ತಾಳೆ ನೋಡುವ ಅಭ್ಯಾಸವನ್ನು ಗಣಕದ ಮುಂದೆಯೂ ಉಳಿಸಿಕೊಳ್ಳುವುದು ಪ್ರತಿಯೊಬ್ಬ ವರ್ತಕರಿಗೂ ಉದ್ದಿಮೆದಾರರಿಗೂ ಶ್ರೇಯಸ್ಕರ.