ಕಣ್ಣಿಲ್ಲದವರು ತೋರಿದ ದಾರಿ



ಈ ಸಲದ ಪಾಠ ಗೊಬ್ಬರದ್ದಲ್ಲ, ಬೀಜದ್ದೂ ಅಲ್ಲ. ಹಾಡುತ್ತ ಊರೂರು ತಿರುಗಿ, ಕಣ್ಣಿಲ್ಲದ ಮಕ್ಕಳ ಬಾಳಿಗೆ ಆಸರೆಯಾದ ಒಬ್ಬ ಮಹನೀಯರದು. ಅವರೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು.

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬ ಊರಿದೆ. ೧೮೯೨ರಲ್ಲಿ ಅವರು ಹುಟ್ಟಿದ್ದು ಅಲ್ಲಿ. ಮನೆಯವರು ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿಲ್ಲ, ಅಣ್ಣ ಗುರುಬಸಯ್ಯನಿಗೂ ಇಲ್ಲ. ಹೆತ್ತವರ ಚಿಂತೆ ಎಷ್ಟಿದ್ದಿರಬೇಕು, ನೀವೇ ಊಹಿಸಿರಿ. ಆದರೆ ಹುಡುಗರಿಗೆ ಇಂಪಾದ ಕಂಠವಿತ್ತು. ಹಾನಗಲ್ಲ ಕುಮಾರಸ್ವಾಮಿಗಳು ಅದನ್ನು ಗುರುತಿಸಿದರು. ಇವರನ್ನು ಕರೆದೊಯ್ದು ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗದಿಗೆಯ್ಯನವರು ಕರ್ನಾಟಕ ಸಂಗೀತ ಕಲಿತರು. ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತರು. ವಿದ್ಯೆಗೆ ಜಾತಿ ಮತಗಳ ಬೇಲಿಯಿಲ್ಲ ಎಂಬುದನ್ನು ಇಲ್ಲಿ ಗಮನಿಸಿರಿ.

ವಿದ್ಯೆ ಕೈಗೂಡಿದ ಮೇಲೆ ಅವರು ಅದರಿಂದ ಸ್ವಂತ ಆಸ್ತಿ ಮಾಡಿಕೊಳ್ಳಲಿಲ್ಲ. ಬ್ರಹ್ಮಚಾರಿಯಾಗಿ, ಶಿವಪೂಜೆಯ ನಿಷ್ಠೆಯಲ್ಲಿ ಬಾಳಿದರು. ತನ್ನಂತೆಯೇ ಕಣ್ಣಿಲ್ಲದ ಮಕ್ಕಳನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಜೊತೆಗೆ ಸೇರಿಸಿಕೊಂಡರು. ಅವರದು ಸಂಚಾರಿ ಪಾಠಶಾಲೆ. ಒಂದೂರಿನಲ್ಲಿ ಬಿಡಾರ, ಅಲ್ಲಿ ಹಾಡು, ಪಾಠ. ಮತ್ತೆ ಮುಂದಿನ ಊರು. ಹಳ್ಳಿಯವರು ಕೊಟ್ಟ ಜೋಳ ಬೇಳೆಗಳಿಂದ ಮಕ್ಕಳ ಊಟ ನಡೆಯಬೇಕು. ಕೊಡುವವರ ಕಣಜ ಬರಿದಾದರೆ ಮಕ್ಕಳ ತಾಟೂ ಬರಿದು. ಮಳೆ ನಂಬಿ ಬದುಕುವ ನಿಮಗೆ ಈ ಕಷ್ಟ ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಗದಗಿನಲ್ಲಿ ಪಾಠಶಾಲೆಗೆ ನೆಲೆ ದೊರೆಯಿತು. ಅದೇ ವೀರೇಶ್ವರ ಪುಣ್ಯಾಶ್ರಮ. ೧೯೪೪ರಲ್ಲಿ ಗವಾಯಿಗಳು ತೀರಿಕೊಂಡರು. ಆ ಭಾರ ಹೊತ್ತವರು ಶಿಷ್ಯರಾದ ಪುಟ್ಟರಾಜ ಗವಾಯಿಗಳು. ೧೯೧೪ರಲ್ಲಿ ಹುಟ್ಟಿದ ಇವರಿಗೂ ಎಳವೆಯಲ್ಲೇ ಕಣ್ಣು ಹೋಗಿತ್ತು. ಅನೇಕ ವಾದ್ಯ ನುಡಿಸುತ್ತಿದ್ದರು. ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿ ಕಲಿತು ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥ ಬರೆದರು. ೨೦೧೦ರಲ್ಲಿ ಪದ್ಮಭೂಷಣ ಬಂದಿತು. ಅದೇ ವರ್ಷ ಸೆಪ್ಟೆಂಬರ್ ೧೭ರಂದು ಕಾಲವಾದರು.

ಬಾಂಧವರೇ, ಒಂದು ಮಾತು ಯೋಚಿಸಿರಿ. ಕುಮಾರಸ್ವಾಮಿಗಳು ಆ ಹುಡುಗನ ಕೈ ಹಿಡಿಯದಿದ್ದರೆ ನಾಡಿಗೆ ಪಂಚಾಕ್ಷರಿ ಗವಾಯಿಗಳು ದೊರೆಯುತ್ತಿರಲಿಲ್ಲ. ಅವರು ಇಲ್ಲದಿದ್ದರೆ ಪುಟ್ಟರಾಜರೂ ಇಲ್ಲ. ಒಳ್ಳೆಯ ಬೀಜವನ್ನು ಮಡಕೆಯಲ್ಲೇ ಬಿಟ್ಟರೆ ಹುಳು ತಿನ್ನುತ್ತದೆ. ಮಣ್ಣಿಗೆ ಹಾಕಿದರೆ ಬೆಳೆ. ಕಣ್ಣಿಲ್ಲದ ಮಗುವನ್ನು “ಪೂರ್ವಜನ್ಮದ ಕರ್ಮ” ಎಂದು ಮೂಲೆಯಲ್ಲಿ ಕೂರಿಸುವುದು ಬೀಜವನ್ನು ಮಡಕೆಯಲ್ಲಿ ಬಿಟ್ಟಂತೆಯೇ. ಎಲ್ಲರೂ ಗವಾಯಿಗಳಾಗಬೇಕೆಂದಿಲ್ಲ. ಓದಿ, ಒಂದು ಕಸುಬು ಕಲಿತು, ತನ್ನ ಕಾಲ ಮೇಲೆ ತಾನು ನಿಂತರೆ ಸಾಕು.

ನಾವು ಮಾಡಬೇಕಾದುದು:

೧. ಊರಿನಲ್ಲಿ ಅಂಥ ಮಗುವಿದ್ದರೆ ಮೊದಲು ಸರಕಾರಿ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿರಿ. ಕೆಲವು ದೋಷಗಳು ಬೇಗ ಚಿಕಿತ್ಸೆ ಮಾಡಿದರೆ ಗುಣವಾಗುತ್ತವೆ.

೨. ಗುಣವಾಗದಿದ್ದರೆ ಮಗುವನ್ನು ಶಾಲೆಗೆ ಸೇರಿಸಿರಿ. ೨೦೧೬ರ ಕಾನೂನಿನ ಪ್ರಕಾರ ೬ರಿಂದ ೧೮ ವರ್ಷದವರೆಗೆ ಉಚಿತ ಶಿಕ್ಷಣ ಅದರ ಹಕ್ಕು.

೩. ಸಂಜೆಯಾದೊಡನೆ ಮಗು ತಡವರಿಸಿದರೆ ಅದು ಇರುಳುಗುರುಡು ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿರಿ. ೯ ತಿಂಗಳು ತುಂಬಿದ ಮೇಲೆ ೫ ವರ್ಷದವರೆಗೆ ೬ ತಿಂಗಳಿಗೊಮ್ಮೆ ‘ಎ’ ಜೀವಸತ್ತ್ವದ ಔಷಧಿ ಕುಡಿಸಿರಿ. ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ ಹಿತ್ತಿಲಲ್ಲೇ ಬೆಳೆಯುತ್ತವೆ. ಮಗುವಿನ ಊಟಕ್ಕೆ ಸೇರಿಸಿರಿ. ಕಣ್ಣಿಗೆ ಯಾವ ರಸವನ್ನೂ ಹಿಂಡಬೇಡಿರಿ.

ಈ ಪಾಠವನ್ನು ಓದಲು ಬಾರದವರಿಗೆ ಓದಿಹೇಳಿರಿ. ಆ ಮೇಲೆ ಕಟ್ಟೆಯ ಮೇಲೆ ಕುಳಿತು ಚರ್ಚಿಸಿರಿ: ನಮ್ಮ ಊರಿನಲ್ಲಿ ಶಾಲೆಗೆ ಹೋಗದೆ ಮನೆಯಲ್ಲೇ ಉಳಿದ ಇಂಥ ಮಗು ಯಾವುದು? ಅದರ ಕೈ ಹಿಡಿದು ಮೊದಲ ದಿನ ಶಾಲೆಗೆ ಕರೆದೊಯ್ಯುವವರು ನಮ್ಮಲ್ಲಿ ಯಾರು?